ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ನಮ್ಮ ವಿಪತ್ತು ನಿರ್ವಹಣಾ ಕೋರ್ಸಿಗೆ ಕಾಯಂ ಅಧ್ಯಾಪಕರನ್ನು ಕೊಡಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಸವಿನಯ ನಮಸ್ಕಾರಗಳು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯವಳಾದ ನಾನು ಈ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಪದವಿಗೆ ಸೇರಿ ಮೂರು ವರ್ಷ ದಾಟಿದೆ. ಎರಡೇ ವರ್ಷದ ಪದವಿ ಅದು. ನಾಲ್ಕನೆಯ ಸೆಮಿಸ್ಟರಿನ ತರಗತಿಗಳು ಇನ್ನೂ ಆರಂಭವಾಗಿಲ್ಲ. ವಿಶ್ವವಿದ್ಯಾಲಯದ ಹೆಸರನ್ನು ನಾನು ಬರೆಯುವುದಿಲ್ಲ. ನನ್ನ ಅಂಕಪಟ್ಟಿಗಳು ಇನ್ನೂ ಅವರ ಕಪಾಟಿನಲ್ಲಿವೆ. ಇದುವರೆಗೆ ಐದು ಮನವಿ ಕೊಟ್ಟು ಐದಕ್ಕೂ ಸ್ವೀಕೃತಿಯ ಮೊಹರು ಒತ್ತಿಸಿಕೊಂಡು ಬಂದಿದ್ದೇನೆ. ಮೊಹರಿಗೆ ಅಲ್ಲಿ ಬರವಿಲ್ಲ. ಆರನೆಯದನ್ನು ತಮಗೆ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ: ನಮ್ಮ ಕೋರ್ಸಿಗೆ ಕಾಯಂ ಅಧ್ಯಾಪಕರನ್ನು ನೇಮಿಸಿ, ಅದನ್ನು ಮುಚ್ಚಬೇಡಿ.

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳ ನೀರು ಭೀಮಾ ನದಿಯ ಸೊನ್ನ ಬ್ಯಾರೇಜಿಗೆ ಬಂದು, ಅಲ್ಲಿಂದ ಸುಮಾರು 8 ಲಕ್ಷ ಕ್ಯುಸೆಕ್ ಕೆಳಗೆ ಹರಿದಾಗ ನಮ್ಮ ಓಣಿಗೆ ನೀರು ನುಗ್ಗಿದ್ದು ರಾತ್ರಿ ಹೊತ್ತಿನಲ್ಲಿ. ಎಮ್ಮೆಗಳ ಹಗ್ಗ ಬಿಚ್ಚಿಬಿಟ್ಟು, ಅವ್ವನನ್ನು ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹತ್ತಿಸಿ, ಎತ್ತರದ ಶಾಲೆಯ ಕಟ್ಟಡದಲ್ಲಿ ನಾಲ್ಕು ದಿನ ಕಳೆದೆವು. ಹೂವಿಗೆ ಬಂದಿದ್ದ ತೊಗರಿ ನೀರಿನಡಿ ಕೊಳೆತುಹೋಯಿತು. ನಮ್ಮೂರಲ್ಲಿ ಹೊಳೆಯ ಮಟ್ಟವನ್ನು ಹನುಮಪ್ಪನ ಗುಡಿಯ ಮೆಟ್ಟಿಲುಗಳಿಂದ ಅಳೆಯುತ್ತಾರೆ. ಐದನೆಯ ಮೆಟ್ಟಿಲು ಮುಳುಗಿದರೆ ಗಂಟುಮೂಟೆ ಕಟ್ಟುವುದು ವಾಡಿಕೆ. ಬ್ಯಾರೇಜಿನಿಂದ ಹೊರಟ ನೀರು ನಮ್ಮೂರಿಗೆ ಬರಲು ಎಷ್ಟು ತಾಸು ಬೇಕು, ಎಷ್ಟು ಕ್ಯುಸೆಕ್‌ಗೆ ಎಷ್ಟನೆಯ ಮೆಟ್ಟಿಲು, ಯಾವ ಓಣಿ ಮುಳುಗುತ್ತದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಲೆಕ್ಕ ಹಾಕಿ ನಕ್ಷೆ ಬರೆದಿಡಬಹುದು ಎಂದು ನನಗೆ ಗೊತ್ತಾದದ್ದು ಮೊದಲ ಸೆಮಿಸ್ಟರಿನಲ್ಲಿ, ನೀರಾವರಿ ಇಲಾಖೆಯಿಂದ ನಿವೃತ್ತರಾಗಿದ್ದ ಒಬ್ಬ ಅತಿಥಿ ಉಪನ್ಯಾಸಕರ ಪಾಠದಿಂದ. ಅವರು ಒಟ್ಟು ಒಂಬತ್ತು ದಿನ ಬಂದರು. ಗೌರವಧನ ಬಾರದ ಕಾರಣ ಹತ್ತನೆಯ ದಿನ ಬರಲಿಲ್ಲ. ಆ ಒಂಬತ್ತು ದಿನಗಳ ನೋಟ್ಸೇ ನನ್ನ ಸ್ನಾತಕೋತ್ತರ ಶಿಕ್ಷಣ, ಸ್ವಾಮಿ.

ಇನ್ನು ಮೂರನೆಯ ಸೆಮಿಸ್ಟರಿನ ಪರೀಕ್ಷೆಯ ಸಂಗತಿ. ಅಂದು ನಮಗೆ ಇದ್ದದ್ದು ‘ಪ್ರವಾಹ ಮತ್ತು ಬರ ನಿರ್ವಹಣೆ’ ಪತ್ರಿಕೆ. ಬಂಡಲು ಒಡೆದು ಹಂಚಿದ ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೆ ‘ಮಾನವ ಸಂಪನ್ಮೂಲ ನಿರ್ವಹಣೆ’ ಎಂದಿತ್ತು. ನೌಕರರ ಬಡ್ತಿ, ಸಂದರ್ಶನದ ವಿಧಾನಗಳು, ಕಾರ್ಮಿಕ ಸಂಘಗಳ ಪಾತ್ರ. ತರಗತಿಯಲ್ಲಿ ಉಳಿದಿದ್ದ ಆರು ಜನರೂ ಎದ್ದು ನಿಂತೆವು. ಕೊಠಡಿ ಮೇಲ್ವಿಚಾರಕರು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಎರಡೂ ಮ್ಯಾನೇಜ್‌ಮೆಂಟೇ ಅದಾವಲ್ರೀ, ಬರೀರಿ” ಎಂದರು. ಪರೀಕ್ಷಾ ವಿಭಾಗಕ್ಕೆ ಫೋನ್ ಹೋಯಿತು. ಸಾಹೇಬರು ಊಟಕ್ಕೆ ಹೋಗಿದ್ದರು. ಒಂದೂವರೆ ತಾಸಿನ ನಂತರ ಬಂದ ಉತ್ತರವೆಂದರೆ, ನಮ್ಮ ಪತ್ರಿಕೆಯನ್ನು ಸಿದ್ಧಪಡಿಸಲು ವಿಷಯ ತಜ್ಞರೇ ಸಿಕ್ಕಿಲ್ಲ, ಪರೀಕ್ಷೆ ಮುಂದೂಡಲಾಗಿದೆ, ದಿನಾಂಕವನ್ನು ನಂತರ ತಿಳಿಸಲಾಗುವುದು. ವಿಪತ್ತು ಎದುರಾದಾಗ ಮೊದಲ ತಾಸಿನಲ್ಲಿ ಯಾರು ಯಾರಿಗೆ ಏನು ತಿಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕಲಿತು ಹೋಗಿದ್ದವಳು ನಾನು. ಆ ದಿನಾಂಕ ನಮಗೆ ತಿಳಿದದ್ದು ಎಂಟು ತಿಂಗಳ ಮೇಲೆ, ಅದೂ ಪರೀಕ್ಷೆಯ ಹಿಂದಿನ ಸಂಜೆ, ಸಹಪಾಠಿಯೊಬ್ಬನ ವಾಟ್ಸ್‌ಆ್ಯಪ್‌ನಲ್ಲಿ. ಅಫಜಲಪುರದಿಂದ ಮೊದಲ ಬಸ್ಸು ಹಿಡಿದು ಓಡಿದೆ. ಇಬ್ಬರು ಬರಲಾಗಲಿಲ್ಲ, ಅವರನ್ನು ಅನುತ್ತೀರ್ಣರೆಂದು ಬರೆದರು.

ಪ್ರವೇಶ ಪಡೆಯುವವರ ಸಂಖ್ಯೆ ಕಡಿಮೆಯಿರುವುದರಿಂದ ಕೋರ್ಸನ್ನು ಮುಚ್ಚುವ ಯೋಚನೆಯಿದೆ ಎಂದು ಈಗ ಹೇಳುತ್ತಿದ್ದಾರೆ. ಸೇರಿದಾಗ ನಾವು ಹದಿನಾಲ್ಕು ಜನರಿದ್ದೆವು. ಕಲಿಸುವವರಿಲ್ಲದ ಕಡೆ ಕಲಿಯುವವರು ಎಷ್ಟು ದಿನ ಕೂರುತ್ತಾರೆ? ಆಸಕ್ತಿಯಿದ್ದರೆ ಮುಂಬಯಿಗೆ ಹೋಗಬಹುದಲ್ಲ, ಅಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ ಎಂದು ಒಬ್ಬ ಅಧಿಕಾರಿ ಸಲಹೆಯಿತ್ತರು. ನಿಜ, ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ದೂರಶಿಕ್ಷಣ ಡಿಪ್ಲೊಮಾ ಕೂಡ ಇದೆ. ನಾಲ್ಕು ಎಕರೆ ಒಣಬೇಸಾಯದ ಮನೆಯ ಮಗಳು ಮುಂಬಯಿಯ ಖರ್ಚನ್ನು ಎಲ್ಲಿಂದ ತರಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಈ ವಿಷಯ ಕಲಿಯಲು ನಮ್ಮ ಭಾಗಕ್ಕಿಂತ ತಕ್ಕ ಜಾಗವನ್ನು ತಾವೇ ತೋರಿಸಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಆಳಂದ, ಬೀದರ್ ಕಡೆಯ ಜನ ಬಯಲಿಗೆ ಓಡಿದ್ದರು. ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯ ಮನೆಗಳು, ಅಂಥ ಮನೆಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇವೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಕಂಪನಕ್ಕೆ ಹೆದರಿ ಊರನ್ನೇ ಬಿಟ್ಟು ಹೊರಟರು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ವಿಭಾಗ ನಮ್ಮದು. ಪ್ರಯೋಗಾಲಯಕ್ಕೆ ಹಣವಿಲ್ಲವೆಂದರೂ ಆದೀತು, ಪ್ರಯೋಗ ನಮ್ಮ ಮೇಲೆಯೇ ನಡೆಯುತ್ತಿದೆ. ಅದನ್ನು ಓದಿಸುವವರನ್ನಾದರೂ ಕೊಡಿ.

2005ರ ವಿಪತ್ತು ನಿರ್ವಹಣಾ ಕಾಯ್ದೆ ತಮಗೆ ಹೊಸದಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೇನು, ಜಿಲ್ಲಾ ಯೋಜನೆಯೇನು, ನಿರ್ವಹಣೆಯೆಂದರೆ ಗಂಜಿ ಕೇಂದ್ರ ಮತ್ತು ಪರಿಹಾರದ ಚೆಕ್ಕಿನಾಚೆ ಮುನ್ನೆಚ್ಚರಿಕೆಯೂ ಹೌದು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಪತ್ತಿನ ವಿಷಯದಲ್ಲಿ ವಿಶ್ವವಿದ್ಯಾಲಯಗಳ ಜಾಲ ಬೆಳೆಸಬೇಕೆಂದು ಪ್ರಧಾನಿಯವರು 2016ರಲ್ಲೇ ತಮ್ಮ ಹತ್ತು ಅಂಶಗಳಲ್ಲಿ ಹೇಳಿದ್ದರು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಂ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಿಸುವ ಸರ್ಕಾರಕ್ಕೆ ಮೂವರು ಅಧ್ಯಾಪಕರ ಸಂಬಳ ಭಾರವಾಗುತ್ತದೆ ಎಂದು ನಂಬಲು ನನಗೆ ಮನಸ್ಸು ಬರುತ್ತಿಲ್ಲ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ. ಕಾಯಂ ಅಧ್ಯಾಪಕರನ್ನು ನೇಮಿಸಿ. ಕೋರ್ಸನ್ನು ಮುಚ್ಚಬೇಡಿ. ಉಳಿದ ಆರು ಜನರ ನಾಲ್ಕನೆಯ ಸೆಮಿಸ್ಟರನ್ನು ಈ ಶೈಕ್ಷಣಿಕ ವರ್ಷದಲ್ಲೇ ಮುಗಿಸಿಕೊಡಿ, ಅನುತ್ತೀರ್ಣರೆಂದು ಬರೆಸಿಕೊಂಡ ಇಬ್ಬರಿಗೆ ಮರುಪರೀಕ್ಷೆ ನಡೆಸಿ. ಈ ಪತ್ರಕ್ಕೆ ಸ್ವೀಕೃತಿಯ ಮೊಹರು ಬೇಡ, ಆದೇಶದ ಪ್ರತಿ ಬೇಕು.

ಇಂತಿ ತಮ್ಮ ವಿಶ್ವಾಸಿ,
ಭೀಮಾ ದಂಡೆಯ ಒಬ್ಬ ವಿದ್ಯಾರ್ಥಿನಿ
ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ