ನಿನ್ನ ಕಿವಿಯ ಚಿಂತೆ

ಪುಟ್ಟಿ,

ನಿನ್ನ ಕಾಗದದ ಒಂದು ಸಾಲು ರಾತ್ರಿಯೆಲ್ಲ ನಿದ್ದೆಗೆಡಿಸಿತು. "ಆಫೀಸಿನ ಎರಡು ಪೆಟ್ಟಿಗೆ ಹಾಡಿಸಿದಾಗ ಎಲ್ಲರಿಗೂ ಕೇಳಿಸುವ ವ್ಯತ್ಯಾಸ ನನಗೆ ಕೇಳಿಸಲ್ಲ ದೊಡ್ಡಪ್ಪ, ನಾನು ಗ್ರಾಫ್ ಓದೋಕೆ ಮಾತ್ರ ಲಾಯಕ್ಕು" ಅಂತ ಬರೆದಿದ್ದೀಯಲ್ಲ, ಅದು.

ನನಗಾದರೋ ಮೀಟರಿನ ಮೇಲೆ ಜಂಬವೇ ಜಾಸ್ತಿ ಇತ್ತು. 1978ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ 2ಎನ್3055 ಟ್ರಾನ್ಸಿಸ್ಟರ್ ತಂದು ಆಂಪ್ಲಿಫೈಯರ್ ಕಟ್ಟುತ್ತಿದ್ದೆ. ನಮ್ಮ ಬೀದಿಯ ವೀಣೆ ಮೇಷ್ಟ್ರಮ್ಮ ಒಂದು ಕೊಂಡರು. ನಾಲ್ಕೇ ದಿನಕ್ಕೆ ವಾಪಸ್ ಬಂದರು. "ಮೀಟಿದಾಗ ಚೆನ್ನಾಗಿದೆ. ನಾದ ಕರಗುವಾಗ ಮರಳು ಬೆರೆತ ಹಾಗೆ ಆಗುತ್ತಪ್ಪ" ಅಂದರು. ನಾನು ಪೂರ್ತಿ ವಾಲ್ಯೂಮಿನಲ್ಲಿ ಅಳೆದ ಅಂಕಿ ತೋರಿಸಿದೆ. ಡಿಸ್ಟಾರ್ಷನ್, ಅಂದರೆ ದನಿ ಕೆಡೋದು, ಶೇಕಡಾ 1 ಕೂಡ ಇಲ್ಲ ಅಂದೆ. ಅವರು ಸುಮ್ನೆ ಹೊರಟುಹೋದರು.

ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಬಯಾಸ್ ಕರೆಂಟ್, ಅಂದರೆ ದನಿ ಇಲ್ಲದಾಗಲೂ ಟ್ರಾನ್ಸಿಸ್ಟರನ್ನು ಎಚ್ಚರವಾಗಿಡೋ ಸಣ್ಣ ಕರೆಂಟ್, ಕಡಿಮೆ ಇಟ್ಟಿದ್ದೆ. ದನಿಯ ಅಲೆ ಸೊನ್ನೆ ದಾಟುವಾಗ ಅದರ ಮೇಲಿನ ಅರ್ಧ ಹೊತ್ತ ಟ್ರಾನ್ಸಿಸ್ಟರ್ ಬಿಟ್ಟು ಕೆಳಗಿನ ಅರ್ಧದ್ದು ಹಿಡಿಯುವಷ್ಟರಲ್ಲಿ ಸಣ್ಣದೊಂದು ಮೆಟ್ಟಿಲು ಬೀಳುತ್ತಿತ್ತು. ಜೋರಾಗಿ ಹಾಕಿದಾಗ ಅದು ಅಡಗಿಹೋಗುತ್ತೆ. ಮೆಲುದನಿಯಲ್ಲಿ ಅದೇ ಎದ್ದು ಕೇಳುತ್ತೆ. ವಾಲ್ಯೂಮ್ ಇಳಿಸಿ, ಅಲೆಯನ್ನು ಪರದೆ ಮೇಲೆ ತೋರಿಸೋ ಆಸಿಲೋಸ್ಕೋಪ್ ನೋಡಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಅಲ್ಲಿ ನೋಡಪ್ಪ ಅಂತಲೇ ಮೇಷ್ಟ್ರಮ್ಮ ಬಂದು ಹೇಳಿದ್ದು. ನನಗೆ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಅವರು ಊರು ಬಿಟ್ಟಿದ್ದರು. ಆ ಪೆಟ್ಟಿಗೆ ಯಾರ ಮನೆಯಲ್ಲಿ ಹಾಗೇ ಕೂತಿದೆಯೋ.

ನಿನಗೆ ಕೇಳಿಸಲ್ಲ ಅಂದೆಯಲ್ಲ. ಆ ಎಲ್ಲರಿಗೂ ನಿಜವಾಗಿ ಕೇಳಿಸುತ್ತಾ? 1994ರಲ್ಲಿ ಸ್ಪೀಕರ್ ಮಾಡುವ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಅನ್ನುವವರು ಅಲ್ಲಿನ ಕೆಲಸಗಾರರಿಗೇ ಸ್ಪೀಕರ್ ಕೇಳಿಸಿ ಅಂಕ ಹಾಕಿಸಿದರು, ಕಾಣದ ಹಾಗೆ ಒಂದು ಸಲ, ಕಣ್ಣೆದುರಿಗೆ ಒಂದು ಸಲ. ಕಣ್ಣಿಗೆ ಬಿದ್ದ ಕೂಡಲೇ ದೊಡ್ಡ, ದುಬಾರಿ ಪೆಟ್ಟಿಗೆಗೆ ಅಂಕ ಏರಿತು. ಕಿವಿ ಅವೇ, ಸ್ಪೀಕರೂ ಅವೇ. ಅವರೇ ಆಮೇಲೆ ಮಾಡಿದ ಪರೀಕ್ಷೆಯಲ್ಲಿ ಪಳಗಿದ ಕಿವಿಗೂ ಪಳಗದ ಕಿವಿಗೂ ಹಿಡಿಸಿದ್ದು ಹೆಚ್ಚುಕಡಿಮೆ ಒಂದೇ. ಪಳಗಿದವರು ಮತ್ತೆ ಮತ್ತೆ ಕೇಳಿದಾಗ ಮಾತು ಬದಲಿಸಿದ್ದು ಕಡಿಮೆ. ಪಳಗೋದು ಕಲಿಕೆ ಪುಟ್ಟಿ, ಹುಟ್ಟಿನಿಂದ ಬರೋದಲ್ಲ. ಆ ಸಾಲನ್ನು ಇನ್ನೊಮ್ಮೆ ಬರೀಬೇಡ.

ನಿನಗೆ ಗೊತ್ತಿರೋದನ್ನೇ ಹೇಳ್ತಿದ್ದೀನೇನೋ. ಆದರೂ, ಹೋಲಿಸುವಾಗ ಎರಡನ್ನೂ 0.1 ಡೆಸಿಬಲ್ ಒಳಗೆ ಒಂದೇ ಮಟ್ಟಕ್ಕೆ ತಂದುಕೋ. ಚೂರು ಜೋರಾಗಿರೋದೇ ಚೆಂದ ಅನ್ನಿಸಿಬಿಡುತ್ತೆ.

ದೀಪಾವಳಿಗೆ ಬರುವಾಗ ನಿಮ್ಮ ಆಫೀಸಿನ ಆ ಎರಡು ಪೆಟ್ಟಿಗೆ ತರೋಕಾದರೆ ತಾ. ನಾನು ಬದಲಾಯಿಸ್ತೀನಿ. ನೀನು ಗೋಡೆ ಕಡೆ ತಿರುಗಿ ಕೂತು ಕೇಳು.

ನಿನ್ನ ದೊಡ್ಡಪ್ಪ