ಗೈಡಿನಲ್ಲಿ ಸಿಗದ ರಜೆಯ ಪ್ರಬಂಧ

ಮಾನ್ಯ ಸಂಪಾದಕರಿಗೆ ವಂದನೆಗಳು.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಮಾತನಾಡಲು ಬರುವುದಿಲ್ಲ, ಆದ್ದರಿಂದ ಒಂದನೆಯ ತರಗತಿಯಿಂದಲೇ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಕಲಿಸಬೇಕು ಎಂಬ ವಾದ ಓದುಗರ ಪತ್ರಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 27 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿ, ಈಗ ನಾಲ್ಕು ವರ್ಷಗಳಿಂದ ಮನೆಯಲ್ಲೇ ಕುಳಿತು ಅಂತರ್ಜಾಲದ ಮೂಲಕ ಜಪಾನಿನ ಒಂದು ಸಣ್ಣ ಗುಂಪಿಗೆ ಇಂಗ್ಲಿಷ್ ಸಂಭಾಷಣೆ ಹೇಳಿಕೊಡುತ್ತಿರುವ ನನಗೆ, ಈ ವಾದದಲ್ಲಿ ಕಾಯಿಲೆಯನ್ನು ಸರಿಯಾಗಿ ಗುರುತಿಸಿ ಮದ್ದನ್ನು ಮಾತ್ರ ತಪ್ಪಾಗಿ ಬರೆದುಕೊಟ್ಟಂತೆ ಕಾಣುತ್ತದೆ. ಅದೇಕೆಂದು ಹೇಳಲು ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಅವಕಾಶ ಕೋರುತ್ತೇನೆ.

ನನ್ನ ಗುಂಪಿನಲ್ಲಿ ಇರುವವರು ಆರು ಮಂದಿ. ಮೂವರು ಶಾಲಾ ವಿದ್ಯಾರ್ಥಿಗಳು, ಕಾಲೇಜು ಓದುತ್ತಿರುವ ಒಬ್ಬ ಹುಡುಗಿ, ಕಚೇರಿಯೊಂದರ ಗುಮಾಸ್ತರು ಮತ್ತು ನರ್ಸ್ ಆಗಿ ನಿವೃತ್ತರಾದ ಒಬ್ಬ ಹಿರಿಯರು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ, ಹಾಸನದಲ್ಲಿ ಸಂಜೆ 5 ಗಂಟೆಗೆ ನಾನು ಕಾಫಿ ಲೋಟ ಹಿಡಿದು ಕೂರುವ ಹೊತ್ತಿಗೆ ಅವರು ರಾತ್ರಿಯ ಊಟ ಮುಗಿಸಿ ಪರದೆಯ ಮೇಲೆ ಬರುತ್ತಾರೆ. ಮೊದಲ ಎರಡು ತಿಂಗಳು ನಾನು ಇಲ್ಲಿನ ಮಕ್ಕಳಿಗೆ ಕಲಿಸಿದಂತೆಯೇ ಅವರಿಗೂ ಕಲಿಸಿದೆ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಿಸಿ ಎಂದರೆ ಒಂದೂ ತಪ್ಪಿಲ್ಲದೆ ಬದಲಿಸುತ್ತಿದ್ದರು. ಏನಾದರೂ ಮಾತನಾಡಿ ಎಂದರೆ ಆರೂ ಮಂದಿ ನಸುನಕ್ಕು ತಲೆ ಬಗ್ಗಿಸುತ್ತಿದ್ದರು. ಇಡೀ ವಾಕ್ಯ ಮನಸ್ಸಿನಲ್ಲಿ ಸರಿಯಾಗಿ ಕೂಡಿಬರುವ ತನಕ ಬಾಯಿ ತೆರೆಯಬಾರದೆಂಬ ಆ ಸಂಕೋಚ ನನಗೆ ಹೊಸದಾಗಿರಲಿಲ್ಲ. ಆಲೂರು, ಅರಕಲಗೂಡಿನ ಮಕ್ಕಳ ಮುಖದಲ್ಲಿ ಅದನ್ನೇ ವರ್ಷಗಟ್ಟಲೆ ನೋಡಿದ್ದೆ.

ದಸರೆಗೆ ಸಕಲೇಶಪುರದ ಹತ್ತಿರದ ತಮ್ಮನ ಮನೆಗೆ ಹೋಗಿ ಬಂದ ವಾರ ಪಾಠ ಸಿದ್ಧಮಾಡಿಕೊಳ್ಳಲು ಆಗಿರಲಿಲ್ಲ. ಬೇರೆ ದಾರಿ ಕಾಣದೆ, ಹೋಗಿ ಬಂದ ಕತೆಯನ್ನೇ ಸರಳ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಾಲಿಡಬೇಡಿ ಎಂದು ತಮ್ಮನ ಹೆಂಡತಿ ಎಚ್ಚರಿಸಿದ್ದು, ಕಾಡಾನೆಗಳು ಯಾವ ಊರಿನ ಬಳಿ ಬೀಡುಬಿಟ್ಟಿವೆ ಎಂಬ ಸಂದೇಶ ಊರಿನವರ ಮೊಬೈಲಿಗೆ ಬಂದದ್ದು, ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೊರಟವರು ಅರ್ಧ ದಾರಿಯಿಂದ ಕ್ಯಾನು ಹೊತ್ತುಕೊಂಡೇ ವಾಪಸು ಬಂದದ್ದು, ಹಲಸು ಹಣ್ಣಾಗುವ ಮೊದಲೇ ಕಿತ್ತುಹಾಕದಿದ್ದರೆ ಆನೆಗಳಿಗೆ ನಾವೇ ಎಲೆ ಹಾಕಿ ಕರೆದಂತೆ ಎಂದು ತಮ್ಮ ಹೇಳಿದ್ದು, ಇಷ್ಟೇ ಆ ಕತೆ. ಮುಗಿಸುವಷ್ಟರಲ್ಲಿ, ಅದುವರೆಗೆ ಮೂರು ಪದಕ್ಕಿಂತ ಹೆಚ್ಚು ಆಡದಿದ್ದ, ಉತ್ತರ ಜಪಾನಿನ ಅಕಿತಾ ಪ್ರಾಂತ್ಯದ ಹುಡುಗ ಕೈ ಎತ್ತಿದ. ಅವರಲ್ಲಿ ಆನೆಯ ಬದಲು ಕರಡಿಯಂತೆ. ಪ್ರಾಥಮಿಕ ಶಾಲೆಗೆ ಹೋಗುವ ಅವನ ತಂಗಿಯ ಚೀಲಕ್ಕೆ ಗಂಟೆ ಕಟ್ಟಿದ್ದಾರಂತೆ, ಸದ್ದು ಕೇಳಿ ಕರಡಿ ದೂರ ಸರಿಯಲಿ ಎಂದು. ಹಳ್ಳಿಗಳಲ್ಲಿ ವಯಸ್ಸಾದವರಷ್ಟೇ ಉಳಿದಿರುವುದರಿಂದ ಹಿತ್ತಲಿನ ಪರ್ಸಿಮನ್ ಮರಗಳ ಹಣ್ಣನ್ನು ಕೀಳುವವರಿಲ್ಲ. ಆ ಹಣ್ಣಿಗೆ ಕರಡಿಗಳು ಊರೊಳಕ್ಕೆ ಬರುತ್ತವೆ. ಇದನ್ನು ಹೇಳಲು ಅವನು ಹತ್ತು ನಿಮಿಷ ತೆಗೆದುಕೊಂಡ. ಕ್ರಿಯಾಪದದ ಕಾಲ ತಪ್ಪಿತ್ತು, ಎರಡು ಕಡೆ ಚಿತ್ರ ಬರೆದು ತೋರಿಸಬೇಕಾಯಿತು. ನಾನು ಒಂದನ್ನೂ ತಿದ್ದಲಿಲ್ಲ. ತಿದ್ದಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ತಡೆದುಕೊಂಡೆ ಎಂಬುದನ್ನೂ ಒಪ್ಪಿಕೊಳ್ಳಬೇಕು. 27 ವರ್ಷದ ಚಾಳಿ ಒಂದೇ ದಿನಕ್ಕೆ ಹೋಗುವುದಿಲ್ಲ.

ಅಂದಿನಿಂದ ನನ್ನ ಪಾಠವೆಂದರೆ ನನ್ನ ದಿನಚರಿ ಮತ್ತು ತಿರುಗಾಟಗಳೇ ಆದವು. ಶ್ರವಣಬೆಳಗೊಳದ ಬೆಟ್ಟ ಹತ್ತಿ 58 ಅಡಿಯ ಗೊಮ್ಮಟನ ಚಿತ್ರ ತೋರಿಸಿದಾಗ, ಶಾಲೆಯ ಕೊಠಡಿಗಳನ್ನು ದಿನವೂ ತಾವೇ ಗುಡಿಸಿ ಒರೆಸುವ ಆ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ಇಷ್ಟು ದೊಡ್ಡ ಮೂರ್ತಿಯನ್ನು ತೊಳೆಯುವವರು ಯಾರು ಎಂಬುದಾಗಿತ್ತು. 12 ವರ್ಷಕ್ಕೊಮ್ಮೆ ನಡೆಯುವ, 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕದ ವಿಷಯ ಹೇಳಿದೆ. ನಾರಾ ನಗರದ ಮಹಾಬುದ್ಧನ ಧೂಳನ್ನು ಪ್ರತಿ ವರ್ಷ ಆಗಸ್ಟ್ 7ರಂದು ಬಿಳಿಬಟ್ಟೆ ತೊಟ್ಟವರು ಮೇಲೇರಿ ಒರೆಸುತ್ತಾರೆಂದು ಗುಮಾಸ್ತರು ತಿಳಿಸಿದರು. ರಾಗಿಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹೇಳಿದ ದಿನ ಮಾತ್ರ ಎಲ್ಲರೂ ಗಾಬರಿಯಾದರು. ಅವರಲ್ಲಿ ಹೊಸ ವರ್ಷಕ್ಕೆ ತಿನ್ನುವ ಮೋಚಿ ಎಂಬ ಅಂಟಂಟಾದ ಅಕ್ಕಿಯ ಉಂಡೆ ಗಂಟಲಲ್ಲಿ ಸಿಕ್ಕಿ ವಯಸ್ಸಾದವರು ಸಾಯುವುದುಂಟು; ಸಣ್ಣ ತುಂಡು ಮಾಡಿ ಚೆನ್ನಾಗಿ ಅಗಿಯಿರಿ ಎಂದು ಪ್ರತಿ ವರ್ಷವೂ ಎಚ್ಚರಿಕೆ ಕೊಡುತ್ತಾರೆ. ನಮ್ಮ ಮುದ್ದೆ ಸಾರಿನಲ್ಲಿ ಜಾರಿಹೋಗುತ್ತದೆ ಎಂದು ಅವರಿಗೆ ನಂಬಿಸುವುದರೊಳಗೆ ಅರ್ಧ ತರಗತಿ ಮುಗಿದಿತ್ತು.

ಆ ನಿವೃತ್ತ ನರ್ಸ್ ಹೇಳಿದ ಒಂದು ಸಂಗತಿಯನ್ನು ಇಲ್ಲಿ ಬರೆಯದೆ ಇರಲಾರೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಕಾಗೆಗೆ ಕಾಯುವ ಬಗೆಯನ್ನು ನಾನು ವಿವರಿಸಿದ್ದೆ. ಅವರಲ್ಲಿ ಹಿರಿಯರು ಮನೆಗೆ ಬರುವುದು ಒಬೊನ್ ಎಂಬ ಹಬ್ಬಕ್ಕೆ, ಬಹುತೇಕ ಕಡೆ ಆಗಸ್ಟ್ ನಡುವಿನಲ್ಲಿ. ಸೌತೆಕಾಯಿಗೂ ಬದನೆಕಾಯಿಗೂ ಕಡ್ಡಿಯ ನಾಲ್ಕು ಕಾಲು ಚುಚ್ಚಿ ನಿಲ್ಲಿಸುತ್ತಾರೆ: ಸೌತೆಕಾಯಿ ಕುದುರೆ, ಬದನೆಕಾಯಿ ಹಸು. ಬರುವಾಗ ಬೇಗ ಬರಲೆಂದು ಕುದುರೆ, ಹೋಗುವಾಗ ನಿಧಾನವಾಗಿ ಹೋಗಲೆಂದು ಹಸು. ಗಂಡ ತೀರಿಹೋದ ವರ್ಷ ತಾವು ಬದನೆಕಾಯಿಗೆ ಕಾಲುಗಳನ್ನು ಬೇಕೆಂದೇ ಗಿಡ್ಡವಾಗಿ ಮಾಡಿದ್ದಾಗಿ ಅವರು ಹೇಳಿದರು. ಆ ವಾಕ್ಯದಲ್ಲಿ ‘ಎ’ ಮತ್ತು ‘ದ’ ಎಂಬ ಉಪಪದಗಳು ಒಂದೂ ಸರಿಯಾದ ಜಾಗದಲ್ಲಿ ಇರಲಿಲ್ಲ, ಆದರೂ ಅದು ನಮ್ಮೆಲ್ಲರಿಗೂ ಅರ್ಥವಾಯಿತು.

ಈ ಉಪಪದಗಳು ಜಪಾನಿ ಭಾಷೆಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಎರಡು ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಾವು ಬಸ್ಸು, ಕಾರು, ಲೈಟು ಎಂದು ಇಂಗ್ಲಿಷ್ ಪದಗಳ ಬಾಲಕ್ಕೆ ಸ್ವರ ಸೇರಿಸುವಂತೆಯೇ ಅವರೂ ‘ಬಸು’, ‘ಮಿರುಕು’ ಎನ್ನುತ್ತಾರೆ. ಈ ಎರಡನೆಯದು ಮಿಲ್ಕು. ಸಣ್ಣಗೆ ಸುರಿಯುವ ಮಳೆಗೆ ಅವರು ‘ಶಿತೊಶಿತೊ’ ಎಂದಾಗ ನಾನು ‘ಜಿಟಿಜಿಟಿ’ ಎಂದೆ. ನಡುವೆ ಇಂಗ್ಲಿಷಿನ ಪದ ಹುಡುಕುವ ಅಗತ್ಯವೇ ಬೀಳಲಿಲ್ಲ. ಹೀಗಾಗಿ ಅವರು ಎಡವುವ ಕಲ್ಲುಗಳು ಬಹುಮಟ್ಟಿಗೆ ನಮ್ಮ ಮಕ್ಕಳು ಎಡವುವ ಕಲ್ಲುಗಳೇ. ಇಂಗ್ಲಿಷಿನಲ್ಲಿ ತಪ್ಪುವುದಕ್ಕೆ ತಾಯ್ನುಡಿ ಕಾರಣವಾಗಬಹುದು, ಆದರೆ ಮಾತೇ ಹೊರಡದಿರುವುದಕ್ಕೆ ಅದು ಕಾರಣವಲ್ಲ. ಅಕಿತಾದ ಹುಡುಗನ ಮಾತು ಹೊರಟದ್ದು ಅವನ ಬಳಿ ಹೇಳುವುದಕ್ಕೆ ಒಂದು ಕರಡಿ ಇದ್ದುದರಿಂದ.

ಜಪಾನನ್ನು ಇಲ್ಲಿ ಮಾದರಿಯಾಗಿ ಎತ್ತಿ ಹಿಡಿಯುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಅಲ್ಲಿನ ಸರ್ಕಾರ ಶಾಲೆಗಳಿಗೆ ಇಂಗ್ಲಿಷ್ ಸಹಾಯಕ ಶಿಕ್ಷಕರನ್ನು ವಿದೇಶಗಳಿಂದ ಕರೆಸುವ ಯೋಜನೆಯನ್ನು 1987ರಲ್ಲೇ ಆರಂಭಿಸಿದೆ, 2020ರಿಂದ 5 ಮತ್ತು 6ನೆಯ ತರಗತಿಗಳಿಗೂ ಇಂಗ್ಲಿಷನ್ನು ಪೂರ್ಣ ಪ್ರಮಾಣದ ಪಠ್ಯವಿಷಯವಾಗಿಸಿದೆ. ಆದರೂ ವರ್ಷಗಟ್ಟಲೆ ಕಲಿತು ಮಾತು ಬಾರದೆಂಬ ಕೊರಗು ಅಲ್ಲಿಯೂ ಇದೆ. ಅಲ್ಲಿಯೂ ಪರೀಕ್ಷೆಯ ಭೂತ ನಮ್ಮಷ್ಟೇ ದೊಡ್ಡದು. ವ್ಯತ್ಯಾಸವೆಂದರೆ, ಅದರ ಸಲುವಾಗಿ ಗಣಿತ, ವಿಜ್ಞಾನಗಳನ್ನು ತಮ್ಮ ನುಡಿಯಿಂದ ಕಿತ್ತು ಇಂಗ್ಲಿಷಿಗೆ ಒಪ್ಪಿಸುವ ಯೋಚನೆಯನ್ನು ಅವರು ಮಾಡಿಲ್ಲ.

ನಮ್ಮ ಶಾಲೆಗಳಲ್ಲಿ ಮಕ್ಕಳ ಸ್ವಂತ ಮಾತಿಗೆ ಮೀಸಲಾಗಿದ್ದ ಒಂದೇ ಜಾಗವೆಂದರೆ ‘ನಾನು ರಜೆಯನ್ನು ಕಳೆದ ಬಗೆ’ ಎಂಬ ಪ್ರಬಂಧ. ಅದನ್ನೂ ಗೈಡಿನಿಂದ ಬಾಯಿಪಾಠ ಮಾಡಿಸಿದವಳು ನಾನು. ಗೈಡಿನ ಮಗು ಊಟಿಗೆ ಹೋಗಿತ್ತು, ಆದ್ದರಿಂದ ನನ್ನ ತರಗತಿಯ ನಲವತ್ತು ಮಕ್ಕಳೂ ಪ್ರತಿ ವರ್ಷ ಊಟಿಗೆ ಹೋಗಿ ಹೂದೋಟ ನೋಡಿ ಬರುತ್ತಿದ್ದರು. ಅವರಲ್ಲಿ ಒಬ್ಬಳು ಆ ಬೇಸಿಗೆ ರಜೆ ಪೂರ್ತಿ ತಾಯಿಯ ಜೊತೆ ಶುಂಠಿ ನಾಟಿಯ ಕೂಲಿಗೆ ಹೋಗಿದ್ದಳು. ಮಡಿ ಎಷ್ಟು ಅಗಲ ಇರಬೇಕು, ಬಿತ್ತನೆಯ ಗೆಡ್ಡೆಯಲ್ಲಿ ಕಣ್ಣು ಹೇಗಿರಬೇಕು, ಕೊಳೆ ರೋಗ ಎಲ್ಲಿಂದ ಶುರುವಾಗುತ್ತದೆ ಎಂಬುದೆಲ್ಲ ಅವಳಿಗೆ ತಿಳಿದಿತ್ತು. ಅವಳೂ ಊಟಿಗೆ ಹೋದಳು. ನಾನು ಐದಕ್ಕೆ ಐದು ಅಂಕ ಕೊಟ್ಟೆ.

ಆದ್ದರಿಂದ ಮಾಧ್ಯಮದ ಚರ್ಚೆ ಏನೇ ಆಗಲಿ, ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ದಸರಾ ಮತ್ತು ಬೇಸಿಗೆ ರಜೆಗಳು ಮುಗಿದು ಶಾಲೆ ತೆರೆದ ಮೊದಲ ವಾರದ ಇಂಗ್ಲಿಷ್ ಅವಧಿಗಳನ್ನು ಪಠ್ಯದಿಂದ ಬಿಡುಗಡೆ ಮಾಡಲಿ. ಮೊದಲು ಶಿಕ್ಷಕರು ತಮ್ಮ ರಜೆಯನ್ನು, ಮನೆಗೆಲಸ, ಬಸ್ಸಿನ ನೂಕುನುಗ್ಗಲುಗಳ ಸಮೇತ, ಮಕ್ಕಳಿಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಲಿ; ಆಮೇಲೆ ಮಕ್ಕಳು ಹೇಳಲಿ, ಪದ ಸಿಗದ ಕಡೆ ಕನ್ನಡ ಬೆರೆಸಲು ಅಡ್ಡಿಯಿಲ್ಲ. ಆ ವಾರ ತಿದ್ದುಪಡಿಯೂ ಬೇಡ, ಅಂಕವೂ ಬೇಡ. ವರ್ಷದ ಕೊನೆಯ ಪರೀಕ್ಷೆಯಲ್ಲಿ ರಜೆಯ ಪ್ರಬಂಧ ಬಂದರೆ, ಊಟಿಗೆ ಹೋಗದೆ ಶುಂಠಿ ಹೊಲಕ್ಕೆ ಹೋದ ಮಗುವಿಗೂ ಪೂರ್ತಿ ಅಂಕ ಕೊಡಬೇಕೆಂದು ಮೌಲ್ಯಮಾಪಕರಿಗೆ ಲಿಖಿತ ಸೂಚನೆ ಹೋಗಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಹಾಸನ