ತಬಲಾ ಮೂಲೆಗಿಟ್ಟ ಗೆಳೆಯನಿಗೆ

ಗೆಳೆಯಾ,

ತಬಲಾಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟೆ, ಮೊದಲಿನ ಹುಮ್ಮಸ್ಸು ಉಳಿದಿಲ್ಲ ಅಂತ ಬರೆದಿದ್ದೀಯ. ಹುಮ್ಮಸ್ಸು ತಾನಾಗಿ ಯಾರಿಗೆ ಉಳಿಯುತ್ತದೆ ಹೇಳು?

ಭೀಮಸೇನ ಜೋಶಿಯವರ ಕತೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಗಾಯಕ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಚ್ಚು ಹತ್ತಿ, 1933ರಲ್ಲಿ, 11 ವರ್ಷದ ಹುಡುಗ ಮನೆ ಬಿಟ್ಟು ಓಡಿಹೋದ. ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ, ಓಡಿಹೋಗುವುದು ರೋಚಕ ನೋಡು. ಆಮೇಲೆ ಗ್ವಾಲಿಯರ್, ಕಲ್ಕತ್ತಾ, ಜಲಂಧರ್ ಅಂತೆಲ್ಲ ಅಲೆದು ಕೊನೆಗೆ ನೆಲೆ ನಿಂತದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ. ರೆಕಾರ್ಡ್ ಹತ್ತಿಸಿದ ಹುಚ್ಚು ವರ್ಷಗಟ್ಟಲೆ ಬಾಳಿದ್ದು, ಹಾಡಿದರೆ ಕೇಳುವ ಕಿವಿಯಿದ್ದ ಆ ಮನೆಯಿಂದ ಅಂತ ನನ್ನ ಲೆಕ್ಕ.

ಬಾರಿಸುವಾಗ ನಿನ್ನೆದುರು ಯಾರಿದ್ದಾರೆ? ಮೊಬೈಲು. ತಾಳ ತಪ್ಪಿದರೂ ಅದಕ್ಕೇನೂ ಇಲ್ಲ, ನೀನು ಕೂರದಿದ್ದರೂ ಏನೂ ಇಲ್ಲ.

ನನ್ನನ್ನು ಹಿಡಿದಿಟ್ಟದ್ದು ನಮ್ಮ ಓಣಿಯ ಸೋಮವಾರದ ಭಜನೆ. ಹಾರ್ಮೋನಿಯಂ ಅಜ್ಜನಿಗೆ ಕೆಹರವಾ ತಾಳ ಒಂದಿದ್ದರೆ ಸಾಕು. ಧಾ ಗೆ ನ ತಿ, ನ ಕ ಧಿ ನ, ಎಂಟೇ ಮಾತ್ರೆ. ಆದರೆ ಪದ ಮುಗಿಯುವ ಹೊತ್ತಿಗೆ ಅಜ್ಜ ಲಯ ಏರಿಸಿಬಿಡುತ್ತಾನೆ. ನಾನು ಹಿಂದೆ ಬಿದ್ದೆನೋ, ತಾಳ ಹಿಡಿದವರೆಲ್ಲ ತಿರುಗಿ ನೋಡುತ್ತಾರೆ. ಆ ನೋಟ ನೆನೆದರೆ ಭಾನುವಾರ ಮಧ್ಯಾಹ್ನ ಕೈ ತಾನೇ ತಬಲಾ ಕಡೆ ಹೋಗುತ್ತದೆ. ಒಂದು ವಾರ ತಪ್ಪಿಸಿದರೆ 'ಎಲ್ಲಿ ಹೋಗಿದ್ಯೋ ತಮ್ಮಾ' ಅನ್ನುವವರೂ ಅವರೇ.

ಇನ್ನೊಂದು ರುಚಿಯಿದೆ, ನಿನಗಿನ್ನೂ ಹತ್ತಿಲ್ಲ. 'ನಾ' ಅನ್ನುವ ಪೆಟ್ಟು ಬಾರಿಸುವಾಗ ಉಂಗುರದ ಬೆರಳು ತಬಲಾ ನಡುವಿನ ಕಪ್ಪು ಶಾಯಿಯ ಅಂಚಿಗೆ ತಾಗಿಯೂ ತಾಗದಂತಿರಬೇಕು. ಭಾರ ಬಿಟ್ಟರೆ ಸದ್ದು ಸತ್ತುಹೋಗುತ್ತದೆ. ಆ ಬೆರಳು ಹಗುರಾಗಿದ್ದು, ತೋರುಬೆರಳು ಹೊರ ಅಂಚಿಗೆ, ಅಂದರೆ ಕಿನಾರಿಗೆ ಬಿದ್ದ ಕೂಡಲೇ ಎದ್ದರೆ ಟಣ್ ಅಂತ ನಾದ ಬರುತ್ತದೆ. ಒಮ್ಮೆ ಕೇಳಿಸಿತೋ ಮುಗಿಯಿತು, ಇನ್ನೊಮ್ಮೆ ಬೇಕೆನ್ನಿಸುತ್ತದೆ. ಬಾರಿಸಿದರೆ ಬರುವುದೇ ಇಲ್ಲ! ಅದರ ಬೆನ್ನು ಹತ್ತಿ ಅರ್ಧ ತಾಸು ಕಳೆದದ್ದೂ ಗೊತ್ತಾಗುವುದಿಲ್ಲ. 'ದಿನಕ್ಕೆ ಇಷ್ಟು ತಾಸು' ಅಂತ ಗೋಡೆಗೆ ಚೀಟಿ ಅಂಟಿಸುವುದರ ಮೇಲೆ ನನಗಂತೂ ನಂಬಿಕೆಯಿಲ್ಲ.

ಮುಂದಿನ ಸೋಮವಾರ ಬಾ. ಎಡಗೈಯ ಡಗ್ಗಾ ಇಲ್ಲೇ ಇದೆ, ನಿನ್ನ ತಬಲಾ ಒಂದು ತಾ. ಅಜ್ಜನ ಪಟ್ಟಿ, ಅಂದರೆ ಶ್ರುತಿ, ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಕಾಳಿ ಎರಡು; ತಬಲಾ ಶ್ರುತಿ ಮಾಡಲು ಸುತ್ತಿಗೆ ಮರೆಯಬೇಡ. ಮೊದಲೆರಡು ಪದಕ್ಕೆ ತಾಳ ಹಿಡಿ ಸಾಕು, ಮೂರನೆಯದಕ್ಕೆ ನಿನ್ನನ್ನೇ ಕೂರಿಸುತ್ತೇವೆ. ಅಜ್ಜನಿಗೆ ಆಗಲೇ ಹೇಳಿಟ್ಟಿದ್ದೇನೆ.

ನಿನ್ನವ